ಬಿಡಿಘಟಕವೂ ಸಂಪಾದನೆಯೇ: ಸ್ಥಿರ ಜಾಲತಾಣ ಮತ್ತು ಕನ್ನಡ ಪಠ್ಯ

ಕನ್ನಡ ಅಧ್ಯಯನ ವಿಭಾಗಗಳಲ್ಲಿ ಜಾಲತಾಣದ ನಿರ್ಮಾಣವೆಂಬುದು ಇಂದಿಗೂ ಕಟ್ಟಡಕ್ಕೆ ಸುಣ್ಣಬಣ್ಣ ಹೊಡೆಸುವಂತೆ ಗುತ್ತಿಗೆಗೆ ಕೊಡುವ ಕೆಲಸವಾಗಿಯೇ ಉಳಿದಿದೆ. ಯೋಜನೆಗೆ ಅನುದಾನ ಮಂಜೂರಾಗುತ್ತದೆ, ದರಪಟ್ಟಿ ಕರೆಯಲಾಗುತ್ತದೆ, ತಂತ್ರಜ್ಞರು ಬರುತ್ತಾರೆ, ಉದ್ಘಾಟನೆ ನಡೆಯುತ್ತದೆ. ಕೆಲವು ವರ್ಷಗಳ ತರುವಾಯ ಸರ್ವರಿನ ಬಾಡಿಗೆ ಕಟ್ಟುವವರಿಲ್ಲದೆಯೋ, ಹಳೆಯ ತಂತ್ರಾಂಶ ಹೊಸ ಯಂತ್ರದಲ್ಲಿ ನಡೆಯದೆಯೋ ತಾಣ ಕಣ್ಮರೆಯಾದಾಗ, ಹೋದದ್ದು ಒಂದು ತಾಂತ್ರಿಕ ವ್ಯವಸ್ಥೆ ಮಾತ್ರವೆಂದು ಎಲ್ಲರೂ ಸುಮ್ಮನಾಗುತ್ತಾರೆ. ವಾಸ್ತವವಾಗಿ ಹೋದದ್ದು ಪಠ್ಯ ಮತ್ತು ಆ ಪಠ್ಯವನ್ನು ಓದಿ, ತಿದ್ದಿ, ಟಿಪ್ಪಣಿ ಬರೆದ ವಿದ್ವಾಂಸರ ಶ್ರಮ. ತಾಳೆಗರಿಗೆ ಎಣ್ಣೆ ಹಚ್ಚಿ ಕಾಯ್ದಿಡುವ ಬಗೆಯನ್ನು ಹಸ್ತಪ್ರತಿಶಾಸ್ತ್ರದ ಭಾಗವೆಂದು ಬೋಧಿಸುವ ವಿಭಾಗಗಳೇ ಈ ಹೊಸ ಪಾತ್ರೆಯ ಬಗೆಗೆ ಉದಾಸೀನವಾಗಿರುವುದು ಸೋಜಿಗದ ಸಂಗತಿ.

ಜಾಲತಾಣಗಳಲ್ಲಿ ಸ್ಥೂಲವಾಗಿ ಎರಡು ಬಗೆಗಳಿವೆ. ಒಂದರಲ್ಲಿ ಪಠ್ಯವು ದತ್ತಸಂಚಯದಲ್ಲಿ ಚದುರಿ ಕುಳಿತಿರುತ್ತದೆ. ಓದುಗ ಕೇಳಿದಾಗಲೆಲ್ಲ ಸರ್ವರಿನಲ್ಲಿರುವ ತಂತ್ರಾಂಶವು ಆ ಕ್ಷಣದಲ್ಲಿ ಪುಟವನ್ನು ಹೊಸೆದು ಕೊಡುತ್ತದೆ. ಇನ್ನೊಂದರಲ್ಲಿ ಪುಟ ಮೊದಲೇ ಸಿದ್ಧವಾಗಿರುತ್ತದೆ. ಕೇಳಿದವರಿಗೆ ಇದ್ದಂತೆಯೇ ಕೊಡಲಾಗುತ್ತದೆ. ಎರಡನೆಯದನ್ನು ಸ್ಥಿರ ಜಾಲತಾಣ ಎನ್ನುತ್ತಾರೆ. ಸ್ಥಿರ ತಾಣವನ್ನು ಪೆನ್‌ಡ್ರೈವಿನಲ್ಲಿ ಪ್ರತಿ ಮಾಡಬಹುದು, ಅಂತರ್ಜಾಲವಿಲ್ಲದೆಯೂ ತೆರೆಯಬಹುದು, ಒಂದು ಕಡೆ ಅಳಿದರೆ ಇನ್ನೊಂದು ಕಡೆಯ ಪ್ರತಿಯಿಂದ ಮತ್ತೆ ಎಬ್ಬಿಸಬಹುದು. ಕಡತಗಳೇ ತಾಣ. ಪ್ರತಿಕಾರರ ಪರಂಪರೆಯನ್ನು ಬಲ್ಲವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆಯನ್ನು ಒಂದು ಊರಿಗೆ ತಂದು ನಿಲ್ಲಿಸಿದರೆ ಅದು ಇನ್ನಷ್ಟು ಸ್ಪಷ್ಟವಾಗುತ್ತದೆ. ಚಿತ್ರದುರ್ಗ ಜಿಲ್ಲೆ, ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಮೇಲಿರುವ ರೈಲು ಜಂಕ್ಷನ್. ಇಲ್ಲಿಂದ ಕವಲೊಡೆದ ದಾರಿ ಚಿತ್ರದುರ್ಗ, ರಾಯದುರ್ಗಗಳ ಮೂಲಕ ಬಳ್ಳಾರಿಗೆ ಹೋಗುತ್ತದೆ. ಈ ಭಾಗದ ಕಾಲೇಜೊಂದರ ಕನ್ನಡ ಅಧ್ಯಾಪಕರು ತಾಲ್ಲೂಕಿನ ಶಾಸನಗಳನ್ನೂ ಹಾಡುಗಳನ್ನೂ ಪಠ್ಯದಲ್ಲಿರುವ ವಚನ, ಷಟ್ಪದಿಗಳನ್ನೂ ವಿದ್ಯಾರ್ಥಿಗಳಿಗಾಗಿ ಒಂದೆಡೆ ಇಡಬಯಸಿದರೆಂದು ಭಾವಿಸೋಣ. ಓದುವವರು ಗಾಡಿಗಾಗಿ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತ ಮೊಬೈಲು ಹಿಡಿದ ವಿದ್ಯಾರ್ಥಿಗಳು. ಹಣವಿಲ್ಲ, ತಂತ್ರಜ್ಞರಿಲ್ಲ. ಸ್ಥಿರ ತಾಣ ಇಂತಹ ಸನ್ನಿವೇಶಕ್ಕೆಂದೇ ಹೇಳಿಸಿದಂತಿದೆ. ಆದರೆ ಶಾಸನಗಳು ಒಂದೆರಡಲ್ಲ. ಪ್ರತಿಯೊಂದಕ್ಕೂ ಊರು, ಕಾಲ, ಅರಸು, ಸಾಲಿನ ಅಂಕೆ, ಮೂಲಪಾಠ, ತಾತ್ಪರ್ಯ ಎಂಬ ಒಂದೇ ಬಗೆಯ ವಿನ್ಯಾಸ ಬೇಕು. ಇದನ್ನು ಪುಟಪುಟಕ್ಕೂ ಕೈಯಿಂದ ಬರೆದರೆ ತಪ್ಪುಗಳು ಹುಟ್ಟುತ್ತವೆ. ನಾಳೆ ಒಂದು ಗೆರೆಯನ್ನು ಬದಲಿಸಬೇಕೆಂದರೆ ಎಲ್ಲ ಪುಟಗಳನ್ನೂ ತಿದ್ದಬೇಕಾಗುತ್ತದೆ. ಇಲ್ಲಿಯೇ ವಿಜೆಟ್ ಎಂದು ಕರೆಯಲಾಗುವ ಬಿಡಿಘಟಕದ ಅಗತ್ಯ ಒದಗಿಬರುವುದು. ಒಮ್ಮೆ ರೂಪಿಸಿ ಹಲವು ಕಡೆ ಬಳಸಬಹುದಾದ, ಬಳಸುವ ಕಡೆ ಅಲ್ಲಿನ ಅಗತ್ಯಕ್ಕೆ ತಕ್ಕಂತೆ ಒಗ್ಗಿಸಿಕೊಳ್ಳಬಹುದಾದ ಪುಟದ ಒಂದು ತುಣುಕು ಅದು.

ಈ ಕಲ್ಪನೆ ಚಿತ್ರದುರ್ಗದ ನೆಲಕ್ಕೆ ಹೊಸದಲ್ಲ. ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದ ಅಶೋಕನ ಕಿರುಶಾಸನಗಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಬಹುದು. ಮಸ್ಕಿ, ಕೊಪ್ಪಳ, ನಿಟ್ಟೂರು, ಉಡೆಗೋಳಗಳಲ್ಲಿ ದೊರೆತ ಆಜ್ಞೆಯ ತಿರುಳೇ ಇಲ್ಲಿಯೂ ಇದೆ. ಆದರೆ ಬ್ರಹ್ಮಗಿರಿ ಮತ್ತು ಸಿದ್ದಾಪುರದ ಪಾಠಗಳು ಸುವರ್ಣಗಿರಿಯಿಂದ ಆರ್ಯಪುತ್ರ ಹಾಗೂ ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆದೇಶವೆಂಬ ಒಕ್ಕಣೆಯಿಂದ, ಕ್ಷೇಮಸಮಾಚಾರದ ವಿಚಾರಣೆಯಿಂದ ಮೊದಲಾಗುತ್ತವೆ. ತಿರುಳು ಒಂದೇ, ವಿಳಾಸ ಬೇರೆ. ಯಾವುದು ಬದಲಾಗಕೂಡದು, ಯಾವುದು ಬದಲಾಗಬಹುದು ಎಂಬ ವಿವೇಕವನ್ನು ಆ ಆಡಳಿತ ಚೆನ್ನಾಗಿ ಬಲ್ಲುದಾಗಿತ್ತು. ಬ್ರಹ್ಮಗಿರಿಯಲ್ಲಿ ಕೊನೆಗೆ ಚಪಡ ಎಂಬ ಲಿಪಿಕಾರ ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, 'ಲಿಪಿಕಾರ' ಎಂಬ ತನ್ನ ವೃತ್ತಿಯ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಸಿದ್ಧ ಪಠ್ಯದ ನಡುವೆಯೂ ಕೆತ್ತಿದವನ ಕೈ ಕಾಣಿಸಿಕೊಂಡ ಅಪರೂಪದ ನಿದರ್ಶನವಿದು. ನಂತರದ ಕನ್ನಡ ಶಾಸನಗಳ ಮಂಗಳಶ್ಲೋಕ, ಪ್ರಶಸ್ತಿ, ದಾನವಿವರ, ಶಾಪಾಶಯಗಳ ಕಟ್ಟುಪಾಡನ್ನೂ ಇದೇ ಸಾಲಿನಲ್ಲಿ ಇಟ್ಟು ನೋಡಬಹುದು. ದಾನಿಯೂ ಕೆರೆಯೂ ಗದ್ದೆಯ ಎಲ್ಲೆಯೂ ಬದಲಾಗುತ್ತವೆ, ಶಾಪ ಹಾಗೆಯೇ ಇರುತ್ತದೆ.

ಹೋಲಿಕೆಯನ್ನು ಇದಕ್ಕಿಂತ ಎಳೆಯುವುದು ಬೇಡ. ಇಂದಿನ ಘಟಕದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವುದಾದರೆ, ಸ್ಥಿರ ತಾಣದಲ್ಲಿ ಅದನ್ನು ಎರಡು ಹಂತಗಳಲ್ಲಿ ಸಾಧಿಸಬಹುದು. 2008ರಲ್ಲಿ ಬಂದ ಜೆಕಿಲ್, 2013ರಲ್ಲಿ ಬಂದ ಹ್ಯೂಗೊ ಮೊದಲಾದ ತಂತ್ರಾಂಶಗಳು ಸರಳ ಪಠ್ಯಕಡತಗಳನ್ನೂ ಅಚ್ಚುಗಳನ್ನೂ ಸೇರಿಸಿ ಪುಟಗಳನ್ನು ಮೊದಲೇ ಸಿದ್ಧಪಡಿಸುತ್ತವೆ. ಇದು ಒಂದು ಹಂತ. ಇನ್ನೊಂದು ಬ್ರೌಸರಿನೊಳಗೇ ನಡೆಯುವಂಥದು. ಬಳಕೆದಾರರೇ ಹೆಸರಿಟ್ಟು ಹೊಸ ಗುರುತುಪದಗಳನ್ನು ಸೃಷ್ಟಿಸಿಕೊಳ್ಳುವ 'ಕಸ್ಟಮ್ ಎಲಿಮೆಂಟ್' ಎಂಬ ಸೌಲಭ್ಯ 2020ರ ವೇಳೆಗೆ ಪ್ರಮುಖ ಬ್ರೌಸರುಗಳೆಲ್ಲದರಲ್ಲಿ ನೆಲೆಗೊಂಡಿತು. ಇಂತಹ ಹೆಸರಿನ ಮೊದಲ ಅಕ್ಷರ ರೋಮನ್ ಲಿಪಿಯ ಸಣ್ಣಕ್ಷರವಾಗಿರಬೇಕು, ನಡುವೆ ಒಂದು ಅಡ್ಡಗೆರೆ ಇರಬೇಕು. ಉಳಿದ ಭಾಗ ಕನ್ನಡ ಲಿಪಿಯಲ್ಲಿಯೇ ಇರಬಹುದು. ವಿನ್ಯಾಸವನ್ನು ಒಗ್ಗಿಸುವ ಗುಣಗಳಿಗಂತೂ, ಆರಂಭದ ಎರಡು ಅಡ್ಡಗೆರೆಗಳನ್ನು ಬಿಟ್ಟರೆ, ಪೂರ್ತಿ ಕನ್ನಡದ ಹೆಸರುಗಳನ್ನೇ ಇಡಬಹುದು. 'ವಚನ', 'ಶಾಸನ', 'ಅಂಕಿತ', 'ಪಾಠಾಂತರ' ಎಂಬ ಪಾರಿಭಾಷಿಕ ಪದಗಳನ್ನು ಗಣಕಯಂತ್ರ ಹಾಗೆಯೇ ಒಪ್ಪಿಕೊಳ್ಳುತ್ತದೆ ಎಂಬ ಸಂಗತಿ ಕನ್ನಡ ವಿಭಾಗಗಳಿಗೆ ಇನ್ನೂ ತಲುಪಿದಂತಿಲ್ಲ.

ಒಮ್ಮೆ ಹೇಳಿದ ಗುಣ ಒಳಗಿನ ಘಟಕಗಳಿಗೆಲ್ಲ ತಾನಾಗಿಯೇ ಹರಿದುಬರುವ ಇಲ್ಲಿನ ಕ್ರಮ ಪಾಣಿನಿಯ ಅನುವೃತ್ತಿಯನ್ನು ನೆನಪಿಸುತ್ತದೆ. ಅಷ್ಟಾಧ್ಯಾಯಿಯನ್ನು ಗಣಕಕ್ಕೆ ಒಗ್ಗಿಸಿದ 'ಗಣಕಾಷ್ಟಾಧ್ಯಾಯಿ' ರೂಪುಗೊಂಡದ್ದು ಇದೇ ಜಿಲ್ಲೆಯ ಸಿರಿಗೆರೆಯಲ್ಲಿ, ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿಯವರಿಂದ. ಶಾಸ್ತ್ರಬಲ್ಲವರು ಯಂತ್ರವನ್ನು ತಾವೇ ಮುಟ್ಟಬಾರದೆಂಬ ನಿಯಮವೇನೂ ಇಲ್ಲವೆನ್ನುವುದಕ್ಕೆ ದೂರದ ಸಾಕ್ಷಿಯನ್ನು ಹುಡುಕಬೇಕಾಗಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರಬಹುದು. ಒಂದು ವಚನವನ್ನು ಪುಟದ ಮೇಲೆ ಇಡುವ ಘಟಕವನ್ನು ರೂಪಿಸುವುದು ಮೇಲ್ನೋಟಕ್ಕೆ ಅರ್ಧ ದಿನದ ಕೆಲಸ. ವಚನಕಾರರ ಹೆಸರು, ಅಂಕಿತ, ಪಠ್ಯ, ಆಕರ: ನಾಲ್ಕು ಕೋಶಗಳು ಸಾಕು ಎನಿಸುತ್ತದೆ. ಆದರೆ ಪಠ್ಯವನ್ನು ಸಾಲುಸಾಲಾಗಿ ಒಡೆಯಬೇಕೆ ಅಥವಾ ಗದ್ಯದಂತೆ ಹರಿಯಲು ಬಿಡಬೇಕೆ? ತಾಳೆಗರಿಗಳಲ್ಲಿ ವಚನ ಒಂದೇ ಸಮನೆ ಹರಿಯುತ್ತದೆ. ಅಚ್ಚಿನಲ್ಲಿ ಕಾಣುವ ಸಾಲುಗಳು ಸಂಪಾದಕರು ಅರ್ಥವನ್ನೂ ಲಯವನ್ನೂ ಅನುಸರಿಸಿ ಮಾಡಿದ ವಿಂಗಡಣೆ. ಫ.ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ' 1923ರಲ್ಲಿ ಹೊರಬಂದಂದಿನಿಂದ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದ 15 ಸಂಪುಟಗಳ 'ಸಮಗ್ರ ವಚನ ಸಂಪುಟ'ದವರೆಗೆ ಈ ವಿಂಗಡಣೆಯ ಹಿಂದೆ ವಿದ್ವತ್ತಿನ ತೀರ್ಮಾನವಿದೆ. ವಚನವನ್ನು ಕಾವ್ಯವೆಂದು ಓದಬೇಕೆ, ಗದ್ಯವೆಂದೇ, ಅನುಭಾವದ ಮಾತೆಂದೇ ಎಂಬ ದೀರ್ಘಕಾಲದ ಚರ್ಚೆಯೂ ಇದಕ್ಕೆ ತಳಕು ಹಾಕಿಕೊಂಡಿದೆ. ಘಟಕವನ್ನು ರೂಪಿಸುವ ತಂತ್ರಜ್ಞರು ಸಾಲುಗಳನ್ನು ಅಚ್ಚಿನಲ್ಲಿ ಇದ್ದಂತೆ ಗಟ್ಟಿಮಾಡಿಬಿಟ್ಟರೆ, ಅವರಿಗೆ ಅರಿವಿಲ್ಲದೆಯೇ ಆ ಚರ್ಚೆಯಲ್ಲಿ ಒಂದು ಪಕ್ಷವನ್ನು ವಹಿಸಿದಂತಾಗುತ್ತದೆ. ಪಠ್ಯವನ್ನು ಹರಿಯುವ ರೂಪದಲ್ಲಿ ಇಟ್ಟು, ಸಂಪಾದಕರು ಒಡೆದ ಕಡೆಗಳಲ್ಲಿ ಗುರುತು ಮಾತ್ರ ಹಾಕಿ, ತೋರಿಸುವಾಗ ಓದುಗರ ಇಚ್ಛೆಗೆ ಬಿಡುವ ಘಟಕವೂ ಸಾಧ್ಯವಿದೆ. ಒಗ್ಗಿಸಿಕೊಳ್ಳುವಿಕೆ ಎಂಬ ಮಾತಿಗೆ ನಿಜವಾದ ಅರ್ಥ ಬರುವುದು ಇಂತಹ ಕಡೆಯಲ್ಲಿಯೇ ಹೊರತು ಬಣ್ಣವನ್ನು ಬದಲಿಸುವುದರಲ್ಲಿ ಅಲ್ಲ.

ಷಟ್ಪದಿಯ ಕಷ್ಟ ಬೇರೆ ಬಗೆಯದು. ಅದರ ಮೂರನೆಯ ಮತ್ತು ಆರನೆಯ ಪಾದಗಳು ಉದ್ದವಾದವು. ಮೊಬೈಲಿನ ಕಿರಿದಾದ ಪರದೆಯಲ್ಲಿ ಆ ಪಾದಗಳು ಮಡಿಸಿಕೊಂಡು ಕೆಳಗಿಳಿದರೆ ಆರು ಪಾದದ ಪದ್ಯ ಎಂಟು ಪಾದದ್ದಾಗಿ ತೋರುತ್ತದೆ. ಛಂದಸ್ಸನ್ನು ಹೊಸದಾಗಿ ಕಲಿಯುತ್ತಿರುವ ವಿದ್ಯಾರ್ಥಿ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸವನ್ನು ಹುಡುಕುತ್ತ ದಾರಿ ತಪ್ಪುತ್ತಾನೆ. ಮಡಿಸಿದ ಭಾಗವನ್ನು ಒಳಕ್ಕೆ ಸರಿಸಿ, ಪಾದದ ಆರಂಭವನ್ನು ಮಾತ್ರ ಅಂಚಿಗೆ ನಿಲ್ಲಿಸುವ ಘಟಕ ಬೇಕು. ಇದನ್ನು ಮಾಡಲು ಒಂದೆರಡು ಸಾಲಿನ ನಿರ್ದೇಶನ ಸಾಕು. ಆದರೆ ಷಟ್ಪದಿ ಎಂದರೇನೆಂದು ತಿಳಿಯದವರಿಗೆ ಆ ಸಾಲುಗಳನ್ನು ಬರೆಯಬೇಕೆಂಬ ಅರಿವೇ ಮೂಡದು.

ಹಳಗನ್ನಡದ ಱ ಮತ್ತು ೞ ಅಕ್ಷರಗಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಓದುಗರ ಅನುಕೂಲಕ್ಕೆಂದು ಇವನ್ನು ರ, ಳ ಎಂದು ಬದಲಿಸಿ ಇಟ್ಟರೆ ಮೂಲಕ್ಕೆ ಮರಳುವ ದಾರಿ ಮುಚ್ಚಿಹೋಗುತ್ತದೆ. ೞವನ್ನು ಯಂತ್ರ ಳ ಮಾಡಿ ತೋರಿಸಬಲ್ಲುದು; ಯಾವ ಳ ಮೊದಲು ೞ ಆಗಿತ್ತೆಂದು ಅದು ಹೇಳಲಾರದು. ಆದ್ದರಿಂದ ಇಡುವಾಗ ಮೂಲವನ್ನೇ ಇಟ್ಟು, ತೋರಿಸುವಾಗ ಮಾತ್ರ ಸರಳಗೊಳಿಸುವುದು ಘಟಕದ ನಿಯಮವಾಗಬೇಕು. ಈ ಅಕ್ಷರಕ್ಕೆ ಸಂಬಂಧಿಸಿದ ಒಂದು ಸಂಗತಿಯನ್ನು ಇಲ್ಲಿ ಪ್ರಾಸಂಗಿಕವಾಗಿ ಹೇಳಬಹುದು. ಯೂನಿಕೋಡಿನಲ್ಲಿ ೞಕ್ಕೆ ಇಟ್ಟಿರುವ ಅಧಿಕೃತ ಹೆಸರು 'ಕನ್ನಡ ಲೆಟರ್ ಎಫ್‌ಎ', ಅಂದರೆ 'ಫ'. ಅದು ತಪ್ಪೆಂದು ಯೂನಿಕೋಡಿನ ಕೋಷ್ಟಕವೇ ಟಿಪ್ಪಣಿ ಹಾಕಿಕೊಂಡಿದೆ. ಆದರೂ ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ, ಏಕೆಂದರೆ ಆ ಹೆಸರನ್ನು ನೆಚ್ಚಿ ಕಟ್ಟಿದ ತಂತ್ರಾಂಶಗಳು ಜಗತ್ತಿನೆಲ್ಲೆಡೆ ಇರಬಹುದು. ಕೇಶಿರಾಜನು ಅಷ್ಟೊಂದು ಶ್ರಮಪಟ್ಟು ವಿವರಿಸಿದ ಅಕ್ಷರ ಗಣಕಲೋಕದಲ್ಲಿ ಶಾಶ್ವತವಾಗಿ ತಪ್ಪು ಹೆಸರನ್ನು ಹೊತ್ತು ನಿಂತಿದೆ. ಹಂಚಿಕೊಂಡ ಘಟಕಕ್ಕೆ ಹೆಸರಿಡುವ ಹೊತ್ತಿನಲ್ಲಿ ಭಾಷೆಯನ್ನು ಬಲ್ಲವರು ಹತ್ತಿರದಲ್ಲಿ ಇಲ್ಲದಿದ್ದರೆ ಆಗುವ ಪರಿಣಾಮ ಇದು.

ಸಿದ್ಧ ಘಟಕಗಳನ್ನು ಬೇರೆ ಭಾಷೆಗಳಿಂದ ಹಾಗೆಯೇ ತಂದುಕೊಂಡಾಗ ಆಗುವ ತೊಂದರೆಗಳೂ ಕಡಿಮೆಯಲ್ಲ. ಬರಹದ ಮೊದಲ ಕೆಲವು ಅಕ್ಷರಗಳನ್ನು ತೋರಿಸಿ 'ಮುಂದೆ ಓದಿ' ಎನ್ನುವ ಘಟಕ ಸಾಮಾನ್ಯವಾಗಿ ಸಂಕೇತಗಳನ್ನು ಎಣಿಸುತ್ತದೆ, ಅಕ್ಷರಗಳನ್ನಲ್ಲ. 'ಸಾಹಿತ್ಯ' ಎಂಬ ಮೂರಕ್ಷರದ ಪದದಲ್ಲಿ ಯಂತ್ರಕ್ಕೆ ಕಾಣುವುದು ಏಳು ಸಂಕೇತ. ಐದಕ್ಕೆ ಕತ್ತರಿಸಿದರೆ 'ಸಾಹಿತ' ಉಳಿಯುತ್ತದೆ. ಅಕಾರಾದಿಯಾಗಿ ಜೋಡಿಸುವ ಘಟಕ ಸಂಕೇತಗಳ ಕ್ರಮವನ್ನೇ ನೆಚ್ಚಿದರೆ ಳಕಾರವು ಲಕಾರದ ಬೆನ್ನಿಗೇ ಬಂದು, 'ಬಸವ'ನಿಗಿಂತ ಮೊದಲು 'ಬಳಿ' ನಿಲ್ಲುತ್ತದೆ. ಅಕ್ಷರಾನುಕ್ರಮಕ್ಕೆ ಯೂನಿಕೋಡಿನಲ್ಲಿಯೇ ಪ್ರತ್ಯೇಕ ನಿಯಮಾವಳಿ ಇದೆ. ಅದನ್ನು ಬಳಸಬೇಕೆಂದು ಕೇಳುವವರು ಬೇಕು. 'ಕೊ' ಎಂಬಲ್ಲಿನ ಸ್ವರಚಿಹ್ನೆಯನ್ನು ಒಂದು ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದಾದ್ದರಿಂದ, ಕಣ್ಣಿಗೆ ಒಂದೇ ಆಗಿ ಕಾಣುವ ಪದ ಹುಡುಕಾಟದಲ್ಲಿ ಸಿಕ್ಕದೆ ಹೋಗಬಹುದು. ರಕಾರದ ಅರ್ಕಾವೊತ್ತಿನ ಬರವಣಿಗೆಯಲ್ಲಿಯೂ ಇಂತಹದೇ ತೊಡಕಿದೆ.

ಘಟಕಗಳು ಒಂದಕ್ಕೊಂದು ಹೊಂದಬೇಕಾದರೆ ಅಳತೆ ಒಂದಾಗಿರಬೇಕು. ಬೆಂಗಳೂರು–ಹುಬ್ಬಳ್ಳಿ ದಾರಿ 1990ರ ದಶಕದಲ್ಲಿ ಮೀಟರ್‌ಗೇಜಿನಿಂದ ಬ್ರಾಡ್‌ಗೇಜಿಗೆ ಬದಲಾದಾಗ ಚಿಕ್ಕಜಾಜೂರಿನ ಕವಲುದಾರಿಯೂ ಬದಲಾಗಲೇಬೇಕಿತ್ತು. ಇಲ್ಲವಾದರೆ ಅದು ಹೆಸರಿಗಷ್ಟೇ ಜಂಕ್ಷನ್. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಅಪಾರ ಸಾಮಗ್ರಿ ಇನ್ನೂ ಮೀಟರ್‌ಗೇಜಿನಲ್ಲಿ ನಿಂತ ಬೋಗಿಗಳಂತಿದೆ. ಅನೇಕ ಸಂಶೋಧನ ಪ್ರಬಂಧಗಳೂ ಇದರಲ್ಲಿ ಸೇರಿವೆ. ಅವನ್ನು ಯೂನಿಕೋಡಿಗೆ ತಂದು ಕರಡು ತಿದ್ದದೆ ಯಾವ ಘಟಕದ ಮಾತೂ ಆಡುವಂತಿಲ್ಲ.

ಹೊರಗಿನ ಅನುಭವವೂ ಈ ದಿಕ್ಕಿನಲ್ಲಿಯೇ ಇದೆ. 1987ರಲ್ಲಿ ಆರಂಭವಾದ ಟಿಇಐ ಎಂಬ ಪಠ್ಯಸಂಕೇತನ ಯೋಜನೆಯನ್ನು ಬೆಳೆಸಿದವರಲ್ಲಿ ಸಾಹಿತ್ಯ ಮತ್ತು ಭಾಷೆಯ ವಿದ್ವಾಂಸರು ಮುಖ್ಯರು. ಶಾಸನಗಳಿಗಾಗಿ ಅದರಿಂದಲೇ ಕವಲೊಡೆದದ್ದು ಎಪಿಡಾಕ್. ಅಳಿಸಿದ ಅಕ್ಷರ, ಊಹಿಸಿ ತುಂಬಿದ ಅಕ್ಷರ, ಕೆತ್ತಿದವನ ತಪ್ಪು ಇವುಗಳಿಗೆಲ್ಲ ಅದರಲ್ಲಿ ಬೇರೆಬೇರೆ ಗುರುತುಗಳಿವೆ. ಹೀಗೆ ಗುರುತಿಸಿದ ಪಠ್ಯವನ್ನು ಬ್ರೌಸರಿನ ಕಸ್ಟಮ್ ಎಲಿಮೆಂಟುಗಳಾಗಿಯೇ ತೋರಿಸುವ ಸಿಟಿಇಐಶಿಯನ್ ಎಂಬ ಸಾಧನವೂ ಬಳಕೆಯಲ್ಲಿದೆ. ಕಡಮೆ ಸೌಲಭ್ಯದಲ್ಲಿ ಪಠ್ಯಸಂಪಾದನೆ ಮಾಡುವವರಿಗೆಂದು ಅಲೆಕ್ಸ್ ಗಿಲ್ ಅವರು ಜೆಕಿಲ್ ಆಧರಿಸಿ ರೂಪಿಸಿದ 'ಎಡ್' ಎಂಬ ಸಿದ್ಧವಿನ್ಯಾಸ ಚಿಕ್ಕಜಾಜೂರಿನಂತಹ ಊರಿನ ಅಧ್ಯಾಪಕರಿಗೆ ಹೇಳಿ ಮಾಡಿಸಿದಂತಿದೆ. ಕನ್ನಡದಲ್ಲಿಯೂ ಉದ್ಯಮಶೀಲ ಪ್ರಯತ್ನಗಳಿಗೆ ಕೊರತೆಯಿಲ್ಲ. ಸಂಚಯ ತಂಡದ 'ವಚನ ಸಂಚಯ' ವಚನಗಳನ್ನು ಪದಪದವಾಗಿ ಹುಡುಕುವ ಅವಕಾಶ ನೀಡಿತು. ವಿ. ಕೃಷ್ಣ ಅವರ ದೀರ್ಘಕಾಲದ ಶ್ರಮದ 'ಅಲರ್' ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತ ಪರವಾನಗಿಯೊಡನೆ ಜಾಲಕ್ಕೆ ಬಂದುದರಿಂದ, ಅದರ ಪದಾರ್ಥಗಳನ್ನು ಯಾವುದೇ ತಾಣದ ಘಟಕ ಬಳಸಿಕೊಳ್ಳಬಹುದಾಗಿದೆ. ಇವು ಹೆಚ್ಚಾಗಿ ವಿಶ್ವವಿದ್ಯಾಲಯಗಳ ಹೊರಗೆ, ಆಸಕ್ತರ ದುಡಿಮೆಯಿಂದ ಆದವು ಎಂಬುದನ್ನು ವಿಭಾಗಗಳು ಗಮನಿಸಬೇಕಾಗಿದೆ.

ಮರುಬಳಕೆಯ ಘಟಕಗಳು ಏಕರೂಪತೆಯ ಯಜಮಾನಿಕೆಯನ್ನು ಹೇರುತ್ತವೆ, ಮೌಖಿಕ ಪರಂಪರೆಯ ಬಹುರೂಪಗಳನ್ನು ಒಂದೇ ಅಚ್ಚಿಗೆ ತುರುಕುತ್ತವೆ ಎಂಬ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಮ್ಯಾಸಬೇಡರ, ಕಾಡುಗೊಲ್ಲರ ಕಥನಗಳು ಹಾಡುವವರೊಡನೆ, ಹಾಡುವ ಸಂದರ್ಭದೊಡನೆ ಬದಲಾಗುತ್ತವೆ. ಚಳ್ಳಕೆರೆ ಸೀಮೆಯ ಸಿರಿಯಜ್ಜಿಯಂತಹ ಕಲಾವಿದೆಯ ಹಾಡನ್ನು ಶೀರ್ಷಿಕೆ, ಲೇಖಕ, ಪಠ್ಯ ಎಂಬ ಮೂರು ಕೋಶಗಳ ಘಟಕಕ್ಕೆ ಹಾಕಿದರೆ ಉಳಿಯುವುದು ಅಲ್ಪ. ಆದರೆ ಇದು ಘಟಕದ ದೋಷವಲ್ಲ. ಅದರ ಕೋಶಗಳನ್ನು ಗೊತ್ತುಮಾಡಿದವರ ದೋಷ. ಹಾಡಿದವರು, ಊರು, ಸಂದರ್ಭ, ಸಂಗ್ರಹಿಸಿದವರು, ಇನ್ನೊಂದು ಪಾಠದೊಡನೆ ಇರುವ ಸಂಬಂಧ, ಪ್ರಕಟಿಸಲು ಹಾಡಿದವರ ಒಪ್ಪಿಗೆ ಇವುಗಳಿಗೆ ಸ್ಥಳ ಮಾಡುವುದು ಜಾನಪದ ವಿದ್ವಾಂಸರಿಂದಲೇ ಆಗಬೇಕು. ಎಲ್ಲವನ್ನೂ ಬದಲಿಸಬಹುದಾದ ಘಟಕವೂ ನಿಷ್ಪ್ರಯೋಜಕವೇ ಎಂಬುದನ್ನು ಮರೆಯಬಾರದು. ಪ್ರತಿ ಪುಟದಲ್ಲೂ ಆಕರಸೂಚಿಯ ರೂಪ ಬೇರೆಯಾದರೆ ಅದು ಮರುಬಳಕೆಯಾಗದು.

ತಾಂತ್ರಿಕವಾಗಿ ಒಂದೇ ಒಂದು ನಿಬಂಧನೆಯನ್ನು ಮಾತ್ರ ವಿಭಾಗಗಳು ಬಿಟ್ಟುಕೊಡಬಾರದು. ಪಠ್ಯ ಪುಟದೊಳಗೇ ಇರಬೇಕು. ಘಟಕವು ಅದರ ಸುತ್ತ ನಿಲ್ಲಬೇಕು. ಪಠ್ಯವನ್ನು ಬೇರೆಲ್ಲಿಂದಲೋ ಎಳೆದು ತಂದು ತೋರಿಸುವ ಘಟಕ ಕೆಟ್ಟ ದಿನ ಪುಟ ಖಾಲಿಯಾಗುತ್ತದೆ. 2020ರ ಡಿಸೆಂಬರ್ 31ರಂದು ಅಡೋಬಿಯು ಫ್ಲ್ಯಾಶ್ ತಂತ್ರಾಂಶದ ಬೆಂಬಲವನ್ನು ನಿಲ್ಲಿಸಿದಾಗ ಅದರೊಳಗೆ ಸೇರಿಸಿಟ್ಟ ಶೈಕ್ಷಣಿಕ ಸಾಮಗ್ರಿಗೆ ಒದಗಿದ ಗತಿ ಇದೇ. ಕಸ್ಟಮ್ ಎಲಿಮೆಂಟಿನ ಒಳಗೆ ಇಟ್ಟ ಪಠ್ಯವನ್ನಾದರೋ, ಆ ಘಟಕದ ನಿರ್ದೇಶನಗಳು ಕಳೆದುಹೋದರೂ, ಬ್ರೌಸರು ಸಾದಾ ಬರಹವಾಗಿ ತೋರಿಸುತ್ತದೆ. ಅಲಂಕಾರ ಹೋಗುತ್ತದೆ, ಪಾಠ ಉಳಿಯುತ್ತದೆ. ಹುಡುಕಾಟದ ಸೌಲಭ್ಯಕ್ಕೂ ಸರ್ವರು ಬೇಕಿಲ್ಲ. ಗ್ರಂಥದ ಕೊನೆಯ ಪದಸೂಚಿಯಂತೆ ಮೊದಲೇ ಸಿದ್ಧಪಡಿಸಿದ ಸೂಚಿಕಡತವನ್ನು ಓದುಗರ ಬ್ರೌಸರೇ ತಡಕಿ ನೋಡುತ್ತದೆ. ತಾಲ್ಲೂಕೊಂದರ ಶಾಸನಗಳ ಮಟ್ಟಿಗೆ ಇದು ಧಾರಾಳವಾಗಿ ಸಾಕು.

ಸ್ನಾತಕೋತ್ತರ ತರಗತಿಯ ಗ್ರಂಥಸಂಪಾದನಶಾಸ್ತ್ರದ ಪತ್ರಿಕೆಯಲ್ಲಿ ಒಂದು ಘಟಕವನ್ನು ರೂಪಿಸುವ ಅಭ್ಯಾಸವನ್ನು ಸೇರಿಸುವುದು ಇಂದು ಸಾಧ್ಯವಿರುವ ಕೆಲಸ. ವಿದ್ಯಾರ್ಥಿ ನಿರ್ದೇಶನಗಳನ್ನು ತಾನೇ ಬರೆಯಬೇಕೆಂದಿಲ್ಲ. ಕೋಶಗಳು ಯಾವುವು, ಯಾವುದು ಕಡ್ಡಾಯ, ಯಾವುದು ಐಚ್ಛಿಕ ಎಂದು ಬರೆದು ಸಮರ್ಥಿಸಿದರೆ ಸಾಕು. ಅದು ಎಷ್ಟರಮಟ್ಟಿಗೆ ವಿದ್ವತ್ತಿನ ಕೆಲಸವೆಂಬುದು 'ಸ್ಥಳ' ಎಂಬ ಒಂದೇ ಕೋಶವನ್ನು ತುಂಬಲು ಹೊರಟಾಗ ತಿಳಿಯುತ್ತದೆ. ರೈಸ್ ಅವರು 1903ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ 11ನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಅದರಲ್ಲಿ ಹರಿಹರದ ಶಾಸನಗಳು ದಾವಣಗೆರೆ ತಾಲ್ಲೂಕಿನ ಸಂಖ್ಯೆಗಳನ್ನು ಹೊತ್ತಿವೆ. 1997ರಲ್ಲಿ ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ಚಿತ್ರದುರ್ಗದಿಂದ ಬೇರೆಯಾಗಿ ಹೊಸ ಜಿಲ್ಲೆಗೆ ಸೇರಿದವು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತರಲಾರಂಭಿಸಿದ ಪರಿಷ್ಕೃತ ಆವೃತ್ತಿಯ ಸಂಪುಟಕ್ರಮ ಹಳೆಯದಕ್ಕಿಂತ ಬೇರೆ. ಊರಿನ ಹೆಸರಿನ ಬರವಣಿಗೆಯೂ ಸ್ಥಿರವಲ್ಲ. ಚಿಕ್ಕಜಾಜೂರು ರೈಲ್ವೆಯ ಇಂಗ್ಲಿಷ್ ಬರಹದಲ್ಲಿ ಚಿಕ್‌ಜಾಜೂರ್ ಆಗಿದೆ. ಹಾಗಾಗಿ ಶಾಸನದ ಘಟಕದಲ್ಲಿ ಸ್ಥಳಕ್ಕೆ ಒಂದು ಕೋಶ ಸಾಲದು. ಕಲ್ಲು ಈಗ ಇರುವ ಊರಿಗೆ, ಸಂಪುಟದಲ್ಲಿ ದಾಖಲಾದ ತಾಲ್ಲೂಕಿಗೆ, ಶಾಸನವೇ ಹೇಳುವ ನಾಡಿಗೆ ಪ್ರತ್ಯೇಕವಾಗಿ ಮೂರು ಕೋಶಗಳು ಬೇಕಾಗುತ್ತವೆ.